ಮಾಳಿಗೆಯ ಮೇಲಿನ ದಾರಿ

ದೊಡ್ಡಮ್ಮನ ಮನೆಗೂ, ಉರ್ದುವಿನಲ್ಲಿ ಚಿಕ್ಕಮ್ಮ ಎನ್ನುವಂತೆ ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದ ನೆರೆಯಾಕೆಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬಾಗಿಲುಗಳು ಮಾತ್ರ ಬೇರೆ ಬೇರೆ ಓಣಿಗೆ ತೆರೆಯುತ್ತಿದ್ದವು. ಚಿತ್ರದುರ್ಗದ ಕೋಟೆಯ ಬುಡದಲ್ಲಿ, ಇಳಿಜಾರಿನ ಮೇಲೆ ಒತ್ತೊತ್ತಾಗಿ ಕಟ್ಟಿಕೊಂಡ ಹಳೆಯ ಕೇರಿ ಅದು. ದೊಡ್ಡಮ್ಮನದು ಮೇಲಿನ ಓಣಿ, ಖಾಲಾಳದು ಕೆಳಗಿನ ಓಣಿ. ಒಬ್ಬರ ಹೊಸ್ತಿಲಿನಿಂದ ಇನ್ನೊಬ್ಬರ ಹೊಸ್ತಿಲಿಗೆ ನೆಲದ ಮೇಲೆ ಹೋಗಬೇಕೆಂದರೆ ಓಣಿಯ ತುದಿಯವರೆಗೆ ನಡೆದು, ಸವೆದು ನುಣುಪಾದ ಕಲ್ಲಿನ ಮೆಟ್ಟಿಲುಗಳನ್ನು ಇಳಿದು, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಹಾಗೆ ಹೋದವರನ್ನು ಚಿಕ್ಕಂದಿನಲ್ಲಿ ನಾನು ನೋಡಿಯೇ ಇರಲಿಲ್ಲ. ಎಲ್ಲರೂ ಮಾಳಿಗೆಯ ಮೇಲೆಯೇ ಹೋಗಿಬರುತ್ತಿದ್ದರು.

ನಮ್ಮ ಕಡೆ ಮಾಳಿಗೆ ಎಂದರೆ ಮಣ್ಣಿನ ಸಪಾಟು ಛಾವಣಿ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಗೆದ್ದಲು ಹತ್ತದ ಬಂದರಿಕೆ ಸೊಪ್ಪು, ಅದರ ಮೇಲೆ ದಪ್ಪನೆಯ ಮಣ್ಣು, ಎಲ್ಲಕ್ಕೂ ಮೇಲೆ ನೀರನ್ನು ಒಳಕ್ಕೆ ಬಿಡದ ಕರಲು ಮಣ್ಣು. ಓಣಿಯ ಕಡೆಗೆ ಗೇಣೆತ್ತರದ ಅಂಚು ಬಿಟ್ಟರೆ ಬೇರೆ ತಡೆ ಇರಲಿಲ್ಲ. ದೊಡ್ಡಮ್ಮನ ಮಾಳಿಗೆ ಎಲ್ಲಿ ಮುಗಿಯಿತು, ಖಾಲಾಳದು ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಮುಂಗಾರು ಹಿಡಿಯುವ ಮೊದಲು ಎರಡೂ ಮನೆಯವರು ಒಂದೇ ದಿನ ಕರಲು ಹಾಕುತ್ತಿದ್ದರು. ಬೇರೆ ಬೇರೆ ದಿನ, ಬೇರೆ ಬೇರೆ ಅಳತೆಯಲ್ಲಿ ಹಾಕಿದರೆ ಒಂದು ಮಾಳಿಗೆ ಎತ್ತರವಾಗುತ್ತದೆ, ಅದರ ನೀರು ಇನ್ನೊಂದರ ಮೇಲೆ ನಿಲ್ಲುತ್ತದೆ. ಆದ್ದರಿಂದ ಎರಡು ಮನೆಗೆ ಒಂದೇ ಮಟ್ಟ, ಒಂದೇ ಇಳಿವು, ಮಳೆನೀರು ಹೊರಬೀಳುವುದಕ್ಕೆ ಒಂದೇ ಕಲ್ಲಿನ ದೋಣಿ.

ಆ ಮಣ್ಣಿನೊಂದಿಗೆ ನನ್ನ ಬೇಸಿಗೆ ರಜೆಗಳು ಬೆರೆತಿವೆ. ಅಪ್ಪ ಮಾರಿಕಣಿವೆಯಲ್ಲಿ ನೀರಾವರಿ ಕೆಲಸದಲ್ಲಿದ್ದರು. ಅಣೆಕಟ್ಟೆಯ ತೂಬು ನೋಡಿಕೊಳ್ಳುವವರು. ಪ್ರತಿ ವರ್ಷ ಆದಿವಾಲದ ಕಡೆಯ ಚೌಳು ಹೊಲಗಳಿಂದ ಕರಲು ಮಣ್ಣನ್ನು ಟ್ರ್ಯಾಕ್ಟರಿಗೆ ಹೇರಿಸಿ ದುರ್ಗಕ್ಕೆ ಕಳಿಸುವುದು ಅವರು ತಾವಾಗಿಯೇ ವಹಿಸಿಕೊಂಡ ಕರ್ತವ್ಯ. ಆ ಮಣ್ಣಿನ ಮೇಲೆ ಕುಳಿತು, ಹಿರಿಯೂರು ದಾಟಿ, ಬಿಸಿಲಿಗೆ ಬೂದಿಯಂತೆ ಹೊಳೆಯುವ ಪುಡಿಯನ್ನು ಕೂದಲಿಗೆಲ್ಲ ಮೆತ್ತಿಕೊಂಡು ದುರ್ಗಕ್ಕೆ ಬರುವುದೇ ನನ್ನ ರಜೆಯ ಆರಂಭ. ಓಣಿಗೆ ಟ್ರ್ಯಾಕ್ಟರ್ ನುಗ್ಗುತ್ತಿರಲಿಲ್ಲ. ಬುಟ್ಟಿ ಬುಟ್ಟಿಯಾಗಿ ಹೊತ್ತು ಮೇಲೇರಿಸಬೇಕಿತ್ತು. ಖಾಲಾಳ ಗಂಡ, ಊರಿಗೆಲ್ಲ ಗಾರೆ ಮೇಸ್ತ್ರಿ, ಅಂದು ಮಾತ್ರ ಕರಣೆ ಬದಿಗಿಟ್ಟು ಬರಿಗಾಲಿನಲ್ಲಿ ಮಣ್ಣು ತುಳಿದು ಇಳಿವು ಸರಿಮಾಡುತ್ತಿದ್ದರು. ಮೊದಲ ಮಳೆಗೆ ಆ ಕರಲಿನಿಂದ ಏಳುತ್ತಿದ್ದ ಉಪ್ಪುಪ್ಪು ವಾಸನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಳೆದ ಕೆಲವು ವರ್ಷಗಳಿಂದ ದುರ್ಗದಲ್ಲೂ ಕಂಡಿಲ್ಲ.

ದೊಡ್ಡಮ್ಮ ಚಿಕ್ಕ ವಯಸ್ಸಿನಲ್ಲೇ ಒಂಟಿಯಾದವಳು. ಮದುವೆ ಮನೆಗಳಿಗೆ ಸಂಡಿಗೆ, ಹಪ್ಪಳ, ಶಾವಿಗೆ ಮಾಡಿಕೊಟ್ಟು ಬದುಕು ಕಟ್ಟಿಕೊಂಡವಳು. ಆ ಕೆಲಸ ಒಬ್ಬರಿಂದ ಆಗುವುದಲ್ಲ. ಕುದಿದ ಹಿಟ್ಟು ಆರುವ ಮೊದಲು ಒಬ್ಬರು ಸೌಟಿನಿಂದ ಸುರಿಯುತ್ತ ಹೋಗಬೇಕು, ಇನ್ನೊಬ್ಬರು ಒದ್ದೆ ಕೈಯಿಂದ ಒತ್ತುತ್ತ ಹಿಂದೆಯೇ ಬರಬೇಕು. ದೊಡ್ಡಮ್ಮ ಸುರಿಯುವವಳು, ಖಾಲಾ ಒತ್ತುವವಳು. ನನಗೆ ನೆನಪು ಮೂಡುವುದಕ್ಕೂ ಮೊದಲಿನಿಂದ ಅವರ ಪಾಲುಗಾರಿಕೆ ಹಾಗೆಯೇ ನಡೆದಿತ್ತು. ಬಿಸಿಲು ಏರುವ ಹೊತ್ತಿಗೆ ಮಾಳಿಗೆಯ ತುಂಬ ಚಾಪೆಗಳು, ಚಾಪೆಗಳ ತುಂಬ ಬಿಳಿಯ ವೃತ್ತಗಳು. ನಡುವೆ, ಎರಡು ಸಾಲು ಚಾಪೆಗಳ ಮಧ್ಯೆ, ಒಂದು ಪಾದ ಇಡುವಷ್ಟು ಅಗಲದ ಬರಿ ಮಣ್ಣು. ಅದು ಖಾಲಾ ನಡೆದು ಬರುವ ದಾರಿ.

ಒಮ್ಮೆ ನಾನು ಓಡಿಬಂದು ಆ ದಾರಿ ತಪ್ಪಿ ಒಂದಿಡೀ ಸಾಲಿನ ಮೇಲೆ ಕಾಲಿಟ್ಟೆ.

"ಲೇ, ದಾರಿ ಬಿಟ್ಟೀವಲ್ಲೇ," ಎಂದಳು ಖಾಲಾ. "ಕಣ್ಣು ಮಾರಿಕಣಿವೇಲೇ ಬಿಟ್ಟು ಬಂದ್ಯಾ?"

"ಬಿಡಕ್ಕ," ಎಂದಳು ದೊಡ್ಡಮ್ಮ, ಸೌಟು ನಿಲ್ಲಿಸದೆ. "ಅವರಪ್ಪ ನೀರು ಬಿಡೋನು. ಮಗಳು ಸಿಕ್ಕಲ್ಲಿ ಹರೀತಾಳೆ."

ಖಾಲಾಳ ಮೊಣಕಾಲು ಆಗಲೇ ನೋಯುತ್ತಿತ್ತು. ಅವಳ ಮನೆಯೊಳಗಿನ ಮೆಟ್ಟಿಲು ಇಕ್ಕಟ್ಟು. ಎರಡೂ ಕೈಯಿಂದ ಎರಡು ಗೋಡೆ ಹಿಡಿದು ಹೇಗೋ ಮೇಲೇರುತ್ತಿದ್ದಳು. ಮೇಲೆ ಬಂದ ಮೇಲೆ ಎಲ್ಲವೂ ಸಮನೆಲ. ಓಣಿಯ ಬಯಲು ಮೆಟ್ಟಿಲುಗಳಲ್ಲಿ ಹಿಡಿಯುವುದಕ್ಕೆ ಏನೂ ಇರಲಿಲ್ಲ. ಇದನ್ನೆಲ್ಲ ನಾನು ಬಲ್ಲೆ. ಬಲ್ಲೆ ಎಂಬುದನ್ನು ಇಲ್ಲಿಯೇ ಬರೆದಿಡುತ್ತೇನೆ, ಏಕೆಂದರೆ ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ ತಪ್ಪಲ್ಲ.

ವಾಸ್ತುಶಿಲ್ಪ ಓದಲು ನಾನು ಊರು ಬಿಟ್ಟೆ. ಐದು ವರ್ಷ ಓದಿ, ಮತ್ತೆರಡು ವರ್ಷ ಪಾರಂಪರಿಕ ಕಟ್ಟಡಗಳ ಸಂರಕ್ಷಣೆ ಕಲಿತು ವಾಪಸು ಬಂದೆ. ಹಳೆಯ ಊರಿನ ನಡುವೆ ಹೊಸ ಮನೆ ಕಟ್ಟುವಾಗ ಎತ್ತರ ಮೀರಬಾರದು, ಗೋಡೆಯ ಕಲ್ಲು ನೆರೆಯ ಕಲ್ಲಿಗೆ ಒಪ್ಪಬೇಕು, ಕಿಟಕಿಯ ಅಳತೆ ಓಣಿಯ ಲಯವನ್ನು ಕೆಡಿಸಬಾರದು ಎಂದು ನಮಗೆ ಕಲಿಸಿದ್ದರು. ಸರಿಯಾಗಿಯೇ ಕಲಿಸಿದ್ದರು. ಹೊಸದುರ್ಗ, ಹಿರಿಯೂರುಗಳ ಹೊಸ ಬಡಾವಣೆಗಳಲ್ಲಿ ಮನೆಗಳ ನಕ್ಷೆ ಬರೆದು ಹೊಟ್ಟೆ ಹೊರೆಯುತ್ತ, ಕೋಟೆಯ ಕೇರಿಯಲ್ಲಿ ಒಂದಾದರೂ ಮನೆಯನ್ನು ಹೇಗೆ ಕಟ್ಟಬೇಕೋ ಹಾಗೆ ಕಟ್ಟಿ ತೋರಿಸಬೇಕೆಂದು ಕಾಯುತ್ತಿದ್ದೆ. ಈ ಆಸೆ ಅಷ್ಟು ಭೀಕರವಾಗಿ ಈಡೇರುತ್ತದೆ ಎಂದು ಎಣಿಸಿರಲಿಲ್ಲ. ಒಂದು ಹಿಂಗಾರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿದು ದೊಡ್ಡಮ್ಮನ ಮನೆಯ ಒಂದು ಬದಿಯ ಗೋಡೆ ಕುಸಿಯಿತು. ಎರಡು ತೊಲೆ ಮುರಿದು ಮಾಳಿಗೆಯ ಅರ್ಧ ಭಾಗ ಅಡುಗೆಮನೆಯೊಳಕ್ಕೆ ಬಂತು. ದೊಡ್ಡಮ್ಮ ಖಾಲಾಳ ಮನೆಯಲ್ಲಿ ಟೀ ಕುಡಿಯುತ್ತ ಕುಳಿತಿದ್ದರಿಂದ ಬದುಕಿದಳು. ಅಲ್ಲಿಗೆ ಅವಳು ಹೋಗಿದ್ದದ್ದೂ ಮಾಳಿಗೆಯ ಮೇಲೆಯೇ.

ಸ್ಮಾರಕದ ಸುತ್ತ ಇಷ್ಟು ದೂರದವರೆಗೆ ಏನನ್ನೂ ಕಟ್ಟುವಂತಿಲ್ಲ, ಅದರಾಚೆ ಇನ್ನಷ್ಟು ದೂರದವರೆಗೆ ಅನುಮತಿಯಿಲ್ಲದೆ ಕಟ್ಟುವಂತಿಲ್ಲ ಎಂಬ ನಿಯಮ ಇದೆ. ದೊಡ್ಡಮ್ಮನ ಮನೆ ಎರಡನೆಯ ವಲಯದೊಳಗೆ ಬರುತ್ತದೆ. ನಿಯಮ ಬೇಡ ಎನ್ನುವವಳು ನಾನಲ್ಲ. ನಿಯಮ ಇಲ್ಲದಿದ್ದರೆ ಆ ಕೇರಿ ಇಷ್ಟು ಹೊತ್ತಿಗೆ ಗಾಜು ಹೊದ್ದ ಪೆಟ್ಟಿಗೆಗಳಿಂದ ತುಂಬಿರುತ್ತಿತ್ತು. ನನ್ನ ತಕರಾರು ಬೇರೆ. ನಿಯಮವನ್ನು ಕಾಯುವವರು ಯಾರಿಗೆ ಉತ್ತರ ಕೊಡಬೇಕು? ಎರಡು ವರ್ಷ ದೊಡ್ಡಮ್ಮ ಮುಂದಿನ ಪಡಸಾಲೆಯೊಂದರಲ್ಲಿ, ನೀಲಿ ತಾಡಪಾಲಿನ ಕೆಳಗೆ ಅಡುಗೆ ಮಾಡಿಕೊಂಡು ಬದುಕಿದಳು. ನಾನು ಹದಿನೈದು ದಿನಕ್ಕೊಮ್ಮೆ ಅನುಮತಿ ಕೊಡುವ ಕಚೇರಿಯ ಮೆಟ್ಟಿಲು ಹತ್ತಿದೆ.

"ನೋಡ್ರಿ ಮೇಡಂ, ಇದು ನಮ್ಮ ಕೈಯಾಗಿಲ್ಲ. ಫೈಲು ಮೇಲಕ್ಕೆ ಹೋಗೈತೆ," ಎನ್ನುತ್ತಿದ್ದರು ಅಲ್ಲಿನ ಗುಮಾಸ್ತರು. ಕೆಟ್ಟ ಮನುಷ್ಯರಲ್ಲ, ಪ್ರತಿಸಲವೂ ಕುರ್ಚಿ ಎಳೆದು ಕೊಡುತ್ತಿದ್ದರು.

"ಮೇಲಕ್ಕೆ ಅಂದರೆ ಎಲ್ಲಿಗೆ ಸಾರ್?"

"ಮೇಲಕ್ಕೆ ಅಂದ್ರೆ ಮೇಲಕ್ಕೆ. ನಾನೇನು ಹಿಂದೆ ಹೋಗಿ ನೋಡೀನಾ?"

"ನಮ್ಮ ಓಣಿಯ ತುದಿಯಲ್ಲಿ ಲಾಡ್ಜು ಎದ್ದಿದೆಯಲ್ಲ, ಅದರ ಫೈಲು?"

"ಅದು ರಿಪೇರಿ ಅಂತ ಬಂದಿದ್ದು."

"ನಾಲ್ಕು ಅಂತಸ್ತಿನ ರಿಪೇರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಓದಿದೋರು. ಕುಂತ್ಕಳ್ರಿ, ಚಾ ತರಿಸ್ತೀನಿ."

ಆ ಲಾಡ್ಜಿನ ನೆರಳು ಮಧ್ಯಾಹ್ನದವರೆಗೂ ಖಾಲಾಳ ಮಾಳಿಗೆಯ ಮೇಲೆ ಬೀಳುತ್ತದೆ. ಬಿಸಿಲು ಉಳಿದದ್ದು ದೊಡ್ಡಮ್ಮನ ಮಾಳಿಗೆಗೆ ಮಾತ್ರ. ಯಾರ ರುಜುವಿನಿಂದ ಆ ನೆರಳು ಅಲ್ಲಿ ಬಿತ್ತು ಎಂದು ನಾನು ಲಿಖಿತವಾಗಿ ಕೇಳಿದ್ದೇನೆ. ನಾಲ್ಕು ಸಲ ಕೇಳಿದ್ದೇನೆ. ಈ ಸಾಲು ಬರೆಯುವ ಹೊತ್ತಿನವರೆಗೆ ಉತ್ತರ ಬಂದಿಲ್ಲ.

ಕೊನೆಗೆ ಅನುಮತಿ ಬಂತು, ನಾನು ಬರೆದ ನಕ್ಷೆಗೆ ಒಂದು ಗೆರೆಯ ಬದಲಾವಣೆಯೂ ಇಲ್ಲದೆ. ಆ ನಕ್ಷೆಯ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಒಂದೇ ಅಂತಸ್ತು. ಕುಸಿದ ಗೋಡೆಯ ಕಲ್ಲನ್ನೇ ಮತ್ತೆ ಬಳಸಿದ ಮುಂಗೋಡೆ. ಸಿಮೆಂಟಿನ ಬದಲು ಸುಣ್ಣದ ಗಾರೆ. ಓಣಿಗೆ ಮುಖಮಾಡಿ ಹಳೆಯ ಅಳತೆಯದೇ ಜಗಲಿ. ಮಳೆಗಾಲದಲ್ಲಿ ಓಣಿಯ ನೀರು ಒಳನುಗ್ಗದಂತೆ ನೆಲವನ್ನು ಒಂದೂವರೆ ಅಡಿ ಎತ್ತರಿಸಿದ್ದೆ. ಮಣ್ಣಿನ ಮಾಳಿಗೆಯನ್ನು ವರ್ಷವರ್ಷ ತುಳಿಯುವ ಕಾಲುಗಳು ಈಗ ಇಲ್ಲವಾದ್ದರಿಂದ ಕಾಂಕ್ರೀಟಿನ ಸಪಾಟು ಛಾವಣಿ. ಅದರ ಸುತ್ತ ನಾಲ್ಕೂ ಕಡೆ, ಕೋಟೆಯ ಗೋಡೆಯ ಅಂಚನ್ನು ನೆನಪಿಸುವಂತೆ, ಭುಜಮಟ್ಟದ ಪ್ಯಾರಾಪೆಟ್ ಗೋಡೆ. ಗುಡ್ಡದ ಮೇಲಿನ ಕೋಟೆ ಬತೇರಿಯಿಂದ ಇಳಿದು ಬಂದ ಗೆರೆ ಓಣಿಯ ಕೊನೆಯ ಮನೆಯವರೆಗೆ ಕಡಿಯದೆ ಹರಿಯಬೇಕೆಂದು ಅದರ ಮೇಲಂಚನ್ನು ಏಳು ಸಲ ತಿದ್ದಿದ್ದೆ. ನಕ್ಷೆ ಬರೆಯುವ ಮೊದಲು ಮೇಲಿನ ಓಣಿಯ ಪ್ರತಿ ಮನೆಯ ಮುಂಭಾಗವನ್ನು ಅಳೆದಿದ್ದೆ. ಬಾಗಿಲು, ಗೂಡು, ಬೆಳಕಿಂಡಿ, ಹೊಸ್ತಿಲು. ಕೆಳಗಿನ ಓಣಿಯ ಖಾಲಾಳ ಮನೆ ನನ್ನ ಹಾಳೆಯಲ್ಲಿ ಒಂದು ಗೆರೆ. ಹಿಂಬದಿಯ ಗಡಿ ಎಂದು ಅದರ ಪಕ್ಕದಲ್ಲಿ ಬರೆದಿದ್ದೆ.

ಕೆಲಸ ಹಿಡಿದವರು ಖಾಲಾಳ ಗಂಡ. ಸುಣ್ಣ ಅರೆದು ಗಾರೆ ಮಾಡಬಲ್ಲವರು ಆ ಭಾಗದಲ್ಲಿ ಉಳಿದಿರುವುದೇ ಬೆರಳೆಣಿಕೆಯ ಮಂದಿ. ಮೊದಲ ತಿಂಗಳಲ್ಲೇ ನಮ್ಮಿಬ್ಬರ ನಡುವೆ ಒಂದು ಮಾತು ನಡೆಯಿತು. ನಡುಮನೆಯ ಗೋಡೆಯಲ್ಲಿ ದೀಪದ ಗೂಡನ್ನು ಅವರು ನಕ್ಷೆಗಿಂತ ನಾಲ್ಕು ಬೆರಳು ಅಗಲ ಮಾಡಿದ್ದರು.

"ನಿಮ್ಮ ದೊಡ್ಡಮ್ಮನ ಕೈ ಅಡ್ಡಡ್ಡ ಆಡ್ತೈತೆ ಬೇಟಿ. ದೀಪ ಇಡೋವಾಗ ಅಂಚಿಗೆ ತಾಗಬಾರ್ದು ಅಂತ..."

"ಮೇಸ್ತ್ರಿ, ಅನುಮತಿ ಸಿಕ್ಕಿರುವುದು ಈ ಹಾಳೆಗೆ. ಇದರಲ್ಲಿ ಇಲ್ಲದ್ದು ಒಂದು ಕಲ್ಲೂ ಬೇಡ. ನಾಳೆ ಯಾರಾದರೂ ಬಂದು ಅಳೆದರೆ ನಾನು ಉತ್ತರ ಕೊಡಬೇಕು."

ಅವರು ನನ್ನನ್ನೂ ಹಾಳೆಯನ್ನೂ ಒಮ್ಮೆ ನೋಡಿ, "ಆಯ್ತು," ಎಂದು ಗೂಡನ್ನು ಕಿರಿದು ಮಾಡಿದರು. ಐವತ್ತು ವರ್ಷ ಕಲ್ಲು ಮುಟ್ಟಿದ ಕೈಗೆ ಅಷ್ಟು ಹೇಳಿ ನಾನು ತೃಪ್ತಳಾಗಿ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಅವರು ಏನನ್ನೂ ಕೇಳಲಿಲ್ಲ. ಕೆಲಸ ಎಷ್ಟು ಚೊಕ್ಕವಾಗಿ ಸಾಗುತ್ತಿದೆ ಎಂದು ಹಿಗ್ಗಿದೆ.

ಗೃಹಪ್ರವೇಶದ ದಿನ ನಾನು ಓದಿದ ಕಡೆಯಿಂದ ಗೆಳತಿಯರು ಬಂದು ಮುಂಭಾಗದ ಫೋಟೋ ತೆಗೆದುಕೊಂಡರು. ಹಳೆಯ ಊರಿನಲ್ಲಿ ಹೊಸ ಮನೆ ಹೇಗಿರಬೇಕೆಂಬುದಕ್ಕೆ ಉದಾಹರಣೆ ಎಂದರು. ಅನುಮತಿಯ ಪ್ರಕಾರ ಕಟ್ಟಲಾಗಿದೆಯೇ ಎಂದು ನೋಡಲು ಬಂದ ಅಧಿಕಾರಿ ಓಣಿಯ ಆಚೆ ಬದಿಯಲ್ಲಿ ನಿಂತು, ಕತ್ತೆತ್ತಿ, "ಗೊತ್ತೇ ಆಗಲ್ಲ ನೋಡ್ರಿ, ಇಲ್ಲೇ ಹುಟ್ಟಿದಂಗೈತೆ," ಎಂದರು. ಅಂದು ಖಾಲಾ ಓಣಿಯ ಮೆಟ್ಟಿಲು ಹತ್ತಿ, ಮುಂಬಾಗಿಲಿನಿಂದ ಬಂದಳು. ಹಬ್ಬದ ಸೀರೆ ಉಟ್ಟಿದ್ದಳು. ಶುಭದಿನವೆಂದು ಮುಂಬಾಗಿಲಿನಿಂದ ಬಂದಿರಬೇಕು ಎಂದುಕೊಂಡೆ. ಬಂದವಳು ಜಗಲಿಯ ಮೇಲೆ ಬಹಳ ಹೊತ್ತು ಕಾಲು ಚಾಚಿ ಕುಳಿತಿದ್ದಳು.

ಎರಡು ತಿಂಗಳ ನಂತರ, ಮಾಘ ಕಳೆದು ಬಿಸಿಲು ಬಲಿತಾಗ, ಹೇಳದೆ ಕೇಳದೆ ಬೆಳಿಗ್ಗೆ ಬಂದೆ. ಮನೆಯಲ್ಲಿ ದೊಡ್ಡಮ್ಮ ಇರಲಿಲ್ಲ. ಮೇಲಿನಿಂದ ಮಾತು ಕೇಳಿ ಹತ್ತಿದೆ. ಹೊಸ ಛಾವಣಿಯ ಮೇಲೆ ಚಾಪೆ ಹಾಸಿತ್ತು, ಅರ್ಧ ಸಾಲು ಸಂಡಿಗೆ ಒರಟಾಗಿ, ಒಂದಕ್ಕೊಂದು ಅಂಟಿಕೊಂಡು ಬಿದ್ದಿತ್ತು. ದೊಡ್ಡಮ್ಮ ಹಿಂಬದಿಯ ಪ್ಯಾರಾಪೆಟ್ ಹತ್ತಿರ ಒಂದು ಹಳೆಯ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ತುದಿಗಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಸೌಟು. ಗೋಡೆಯಾಚೆ, ಒಂದೂವರೆ ಅಡಿ ತಗ್ಗಿನ ತನ್ನ ಮಾಳಿಗೆಯಲ್ಲಿ, ಲಾಡ್ಜಿನ ನೆರಳಿನೊಳಗೆ, ಖಾಲಾ ಮುಖ ಮೇಲೆತ್ತಿ ಕುಳಿತಿದ್ದಳು.

"ನೀರು ಜಾಸ್ತಿ ಆಗೈತೇನೋ ಅಕ್ಕ. ಹರಡ್ಕೊಂತೈತೆ."

"ನಂಗೆ ಕಾಣಿಸ್ತೈತೇನೇ ಇಲ್ಲಿಂದ? ನಿನ್ನ ತಲೆ ಒಂದೇ ಕಾಣ್ತೈತೆ. ಅದನ್ನ ಒತ್ತಲಾ?"

ದೊಡ್ಡಮ್ಮ ನಕ್ಕಳು. ಖಾಲಾ ನಗುವುದೂ ಕೇಳಿಸಿತು, ಕಾಣಲಿಲ್ಲ. ನಾನು ಮೆಟ್ಟಿಲಿನ ಬಾಯಲ್ಲಿ ನಿಂತಲ್ಲೇ ನಿಂತಿದ್ದೆ. ಏಳು ಸಲ ತಿದ್ದಿದ ಆ ಮೇಲಂಚು ದೊಡ್ಡಮ್ಮನ ಎದೆಗೆ ಒತ್ತಿಕೊಂಡಿತ್ತು. ಸುಣ್ಣದ ಬಿಳಿ ಅವಳ ಸೀರೆಗೆ ಹತ್ತಿತ್ತು.

ಕೆಳಗಿನ ಓಣಿಗೆ ಹೋದೆ. ಮೇಸ್ತ್ರಿ ಬಾಗಿಲಲ್ಲಿ ಕುಳಿತು ಕರಣೆಗೆ ಎಣ್ಣೆ ಸವರುತ್ತಿದ್ದರು.

"ಮೇಸ್ತ್ರಿ, ನಿಮಗೆ ಗೊತ್ತಿತ್ತಲ್ಲ."

"ಏನು?"

"ಹಿಂಬದಿ ಗೋಡೆ ಕಟ್ಟಿದರೆ ದಾರಿ ಮುಚ್ಚುತ್ತೆ ಅಂತ. ನಿಮ್ಮ ಮನೆಯವರ ದಾರಿ ಅದು. ನೀವೇ ನಿಮ್ಮ ಕೈಯಾರ ಮುಚ್ಚಿದಿರಿ. ಒಂದು ಮಾತು ಹೇಳಬಾರದಿತ್ತಾ?"

ಅವರು ಕರಣೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹಾಳೇಲಿ ದಾರಿ ಇರ್ಲಿಲ್ಲ ಬೇಟಿ. ಹಾಳೇಲಿ ಇಲ್ದಿದ್ದು ಒಂದು ಕಲ್ಲೂ ಬೇಡ ಅಂತ ನೀನೇ ಅಂದಿದ್ದೆ."

ಕುಹಕದಿಂದ ಅಂದದ್ದಾಗಿದ್ದರೆ ಸಹಿಸಬಹುದಿತ್ತು. ಅವರು ನಿಜವಾಗಿ ಹಾಗೆಯೇ ತಿಳಿದಿದ್ದರು: ಓದಿದ ಹುಡುಗಿ, ಸರ್ಕಾರದ ಮೊಹರು, ದೊಡ್ಡವರೆಲ್ಲ ಯೋಚನೆ ಮಾಡಿಯೇ ದಾರಿ ಬೇಡವೆಂದಿರುತ್ತಾರೆ. ಖಾಲಾಳೂ ಅದನ್ನೇ ನಂಬಿದ್ದಳಂತೆ. ಕಾನೂನು ಬಂದಿದೆ, ಇನ್ನು ಮೇಲೆ ಮಾಳಿಗೆ ದಾಟುವಂತಿಲ್ಲ ಎಂದು ದೊಡ್ಡಮ್ಮನಿಗೆ ಅವಳೇ ಸಮಾಧಾನ ಹೇಳಿದ್ದಳಂತೆ. ಇಲ್ಲದ ಒಂದು ಕಾನೂನನ್ನು ನನ್ನ ಮರೆವಿನಿಂದ ನಾನು ಆ ಇಬ್ಬರು ಹೆಂಗಸರ ಮೇಲೆ ಜಾರಿ ಮಾಡಿದ್ದೆ.

"ಒಡೆದು ಹಾಕಾಣ," ಎಂದರು ಮೇಸ್ತ್ರಿ. "ಎರಡು ಮೊಳ ಅಗಲ ತೆಗೆದು, ಈ ಕಡೆ ಎರಡು ಮೆಟ್ಲು ಇಟ್ರೆ ಆಯ್ತು. ಒಂದು ಬೆಳಿಗ್ಗೆ ಕೆಲಸ. ನಾಳೇನೇ ಮಾಡ್ತೀನಿ."

ನಾನು ಬೇಡವೆಂದೆ. ನನ್ನ ಎರಡನೆಯ ತಪ್ಪು ಇದು, ಮೊದಲನೆಯದಕ್ಕಿಂತ ದೊಡ್ಡದು. ಅನುಮತಿಗೆ ವಿರುದ್ಧವಾಗಿ ಒಂದು ಕಲ್ಲು ಅಲುಗಿದರೂ ಇಡೀ ಅನುಮತಿ ರದ್ದಾದೀತು, ದೊಡ್ಡಮ್ಮ ಮತ್ತೆ ತಾಡಪಾಲಿನ ಕೆಳಗೆ ಹೋದಾಳು ಎಂಬ ಭಯ ಒಂದು ಕಡೆ. ಲಾಡ್ಜಿನವರಂತೆ ಹಿಂಬಾಗಿಲಿನಿಂದ ಹೋಗುವವಳಲ್ಲ ನಾನು ಎಂಬ ಬಿಗುಮಾನ ಇನ್ನೊಂದು ಕಡೆ. ತಿದ್ದಿದ ನಕ್ಷೆ ಬರೆದೆ: ಹಿಂಬದಿಯ ಪ್ಯಾರಾಪೆಟ್‌ನಲ್ಲಿ ಒಂದು ತೆರಪು, ನೆರೆಮನೆಯ ಕಡೆಗೆ ಎರಡು ಮೆಟ್ಟಿಲು. ಅರ್ಜಿಯ ನಮೂನೆಯಲ್ಲಿ ಎತ್ತರಕ್ಕೆ ಅಂಕಣವಿತ್ತು, ಮುಂಭಾಗಕ್ಕೆ, ಬಣ್ಣಕ್ಕೆ, ಸಾಮಗ್ರಿಗೆ, ಸ್ಮಾರಕದಿಂದ ಇರುವ ದೂರಕ್ಕೆ ಅಂಕಣವಿತ್ತು. ಬದಲಾವಣೆಯ ಕಾರಣ ಎಂಬಲ್ಲಿ ಅರ್ಧ ಗೆರೆ ಜಾಗ. ಅಲ್ಲಿ "ಒಬ್ಬರು ಇನ್ನೊಬ್ಬರ ಮನೆಗೆ ಬರಲು" ಎಂದು ಬರೆದೆ.

ಗುಮಾಸ್ತರು ಅದನ್ನು ಓದಿ ತಲೆ ಎತ್ತಿದರು. "ಹಿಂಗೆ ಬರೆದ್ರೆ ಪ್ರಶ್ನೆ ಬರ್ತಾವೆ ಮೇಡಂ. ರಿಪೇರಿ ಅಂತ ಬರೀರಿ."

"ಆ ಪದ ಲಾಡ್ಜಿನವರು ಖರ್ಚು ಮಾಡಿಬಿಟ್ಟಿದ್ದಾರೆ ಸಾರ್."

ಪ್ರಶ್ನೆಗಳು ಬಂದವು. ಆ ತೆರಪು ಓಣಿಯಿಂದ ಕಾಣುತ್ತದೆಯೇ? ಕಾಣುವುದಿಲ್ಲ. ಕಾಣದಿದ್ದರೆ ಸ್ಮಾರಕದ ಪರಿಸರಕ್ಕೆ ಅದರಿಂದ ಏನು ಪ್ರಯೋಜನ? ಇದನ್ನು ನಿಜವಾಗಿ ಕೇಳಿದ್ದರು, ಮುದ್ರೆ ಒತ್ತಿ. ನಾನು ನಾಲ್ಕು ಪುಟದ ಉತ್ತರ ಬರೆದೆ. ಒಂದು ಕೇರಿಯನ್ನು ಉಳಿಸುತ್ತೇವೆ ಎನ್ನುವವರು ಅದನ್ನು ಬೀದಿಯಲ್ಲಿ ನಿಂತು, ಪ್ರವಾಸಿಯ ಕಣ್ಣಿನಿಂದ ಮಾತ್ರ ಏಕೆ ನೋಡುತ್ತೀರಿ? ಗೋಡೆಯ ಬಣ್ಣ ಹಳೆಯದರಂತಿದ್ದು ಒಳಗಿನವರ ನಡಿಗೆ ನಿಂತುಹೋದರೆ ಉಳಿದದ್ದೇನು? ಈ ಪ್ರಶ್ನೆಗಳನ್ನು ಬರೆಯುವಾಗ ನಕ್ಷೆ ಬರೆದ ನನ್ನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದೆ. ಆ ನಮೂನೆಯಲ್ಲಿ ಇನ್ನೊಂದು ಅಂಕಣ ಸೇರಿಸಬೇಕು, ಈ ಮನೆಗೆ ಯಾರು ಯಾವ ದಾರಿಯಿಂದ ಬರುತ್ತಾರೆ ಎಂದು ಕೇಳಬೇಕು, ಫೈಲು ಯಾರ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತು ಎಂಬುದು ಅರ್ಜಿದಾರರಿಗೆ ತಿಳಿಯಬೇಕು ಎಂದು ಒತ್ತಾಯಿಸಿದೆ. ಇಂದಿಗೂ ಒತ್ತಾಯಿಸುತ್ತೇನೆ. ಈ ಬರಹವೂ ಅದೇ ಒತ್ತಾಯ.

ಉತ್ತರಕ್ಕೆ ಆರು ತಿಂಗಳು ಹಿಡಿಯಿತು. ಆ ಆರು ತಿಂಗಳಲ್ಲಿ ಮದುವೆಯ ಕಾಲ ಬಂತು. ದೊಡ್ಡಮ್ಮ ಒಪ್ಪಿಕೊಂಡಿದ್ದ ಸಂಡಿಗೆ ಒಬ್ಬಳಿಂದ ಆಗುತ್ತಿರಲಿಲ್ಲ. ಖಾಲಾ ದಿನವೂ ಓಣಿಯ ಮೆಟ್ಟಿಲು ಹತ್ತಿ ಬರತೊಡಗಿದಳು. ಮೊಣಕಾಲಿಗೆ ಕೈಯೂರಿ, ಮೆಟ್ಟಿಲಿಗೊಮ್ಮೆ ನಿಂತು, ಆಮೇಲೆ ನಮ್ಮ ಮನೆಯೊಳಗಿನ ಮೆಟ್ಟಿಲು ಬೇರೆ. ಬೇಡವೆಂದರೆ ಕೇಳಲಿಲ್ಲವಂತೆ. "ಒತ್ತೋದು ನಿಂಗೆ ಬರಲ್ಲ," ಎಂದಳಂತೆ. ಆಷಾಢದ ಹೊತ್ತಿಗೆ ಮೊಣಕಾಲು ಬಾತು ಮಡಚಲಾಗದಂತಾಯಿತು. ಮಗಳು ಬಂದು ಹೊಳಲ್ಕೆರೆಗೆ ಕರೆದುಕೊಂಡು ಹೋದಳು. ಅವಳ ಮನೆಗೆ ಮೆಟ್ಟಿಲೇ ಇಲ್ಲ.

ಅನುಮತಿ ಪತ್ರ ಕೈಗೆ ಬಂದ ದಿನ ಮೇಸ್ತ್ರಿ ಆ ಕಲ್ಲುಗಳನ್ನು ತೆಗೆದರು. ಹೇಳಿದಂತೆ ಒಂದೇ ಬೆಳಿಗ್ಗೆ. ತೆರಪಿನಲ್ಲಿ ನಿಂತು ನೋಡಿದೆ. ಆಚೆಯ ಮಾಳಿಗೆಯಲ್ಲಿ ಖಾಲಾಳ ಕುಳಿತುಕೊಳ್ಳುವ ಮಣೆ ಗೋಡೆಗೆ ಒರಗಿಸಿತ್ತು. ಕರಲು ಬಿರುಕುಬಿಟ್ಟು ಅಲ್ಲಲ್ಲಿ ಹುಲ್ಲು ಎದ್ದಿತ್ತು. ಆ ವರ್ಷ ಅದನ್ನು ತುಳಿಯುವವರು ಯಾರೂ ಇರಲಿಲ್ಲ.

ಹೊಳಲ್ಕೆರೆಗೆ ಹೋದೆ. ಖಾಲಾ ಹಿತ್ತಿಲಿಗೆ ಮುಖಮಾಡಿ ಮಂಚದ ಮೇಲೆ ಕುಳಿತಿದ್ದಳು, ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು.

"ಬಾರೇ ಇಂಜಿನಿಯರಮ್ಮ. ಈಗ ನೆನಪಾಯ್ತಾ?"

"ಗೋಡೆ ಒಡೆದೆವು ಖಾಲಾ. ದಾರಿ ಆಗೈತೆ."

"ಯಾರು ಒಡೆದ್ರು, ನಮ್ಮ ಮುದುಕನಾ? ಅವನು ವಾರಕ್ಕೊಂದು ಸಲ ಬಂದು, ಒಡೀತೀನಿ ಅಂತ ಹೇಳಿ, ಉಂಡು ಹೋಗೋನು. ನಾನು ಬೈದು ಬೈದು ಬಾಯಿ ನೋಯಿಸ್ಕೊಂಡೆ." ಗಂಟನ್ನು ಸಡಿಲಿಸಿದಳು. "ನಿಮ್ಮ ದೊಡ್ಡಮ್ಮ ಹೆಂಗವಳೆ?"

"ಒಬ್ಬಳೇ ಸಂಡಿಗೆ ಹಾಕ್ತಾಳೆ. ಗುಂಡಗೆ ಬರಲ್ಲ."

"ಎಲ್ಲಿಂದ ಬರ್ತೈತೆ. ಅವಳ ಕೈಗೆ ಸೌಟು ಒಂದೇ ಗೊತ್ತು." ಹಿತ್ತಿಲಿನ ಕಡೆ ತಿರುಗಿದಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಂದು ತಂತಿ, ಅದರ ಮೇಲೆ ಒಣಗಿದ ಬಟ್ಟೆ. "ಇಲ್ಲಿ ಎಲ್ಲಾ ಚೆನ್ನಾಗೈತೆ ಕಣೇ. ನೆಲ ಸಪಾಟು. ಎಲ್ಲಿಗೆ ಬೇಕಾದ್ರೂ ಹೋಗಬೋದು. ಹೋಗೋ ಕಡೆ ಯಾರೂ ಇಲ್ಲ."

ತಪ್ಪು ನನ್ನದು ಎಂದೆ. ಅವಳು ಅದನ್ನು ಕೇಳಿಸಿಕೊಳ್ಳದವಳಂತೆ ಕೇಳಿದಳು:

"ಎಷ್ಟು ಮೆಟ್ಲು ಇಟ್ಟೀರಿ?"

"ಎರಡು."

"ಒಂದೊಂದು ಎಷ್ಟೆತ್ತರ?"

ಕೈಯಿಂದ ತೋರಿಸಿದೆ. ಅವಳು ನನ್ನ ಅಂಗೈಯನ್ನು ಹಿಡಿದು ನಿಧಾನವಾಗಿ ಕೆಳಕ್ಕೆ ಒತ್ತಿದಳು, ಹಿಂದೆ ಬಿಸಿ ಹಿಟ್ಟನ್ನು ಒತ್ತುತ್ತಿದ್ದಂತೆಯೇ. ಒಂದು ಮಟ್ಟಕ್ಕೆ ಬಂದಾಗ ನಿಲ್ಲಿಸಿದಳು.

"ಇಷ್ಟು. ಇದಕ್ಕಿಂತ ಮೇಲಕ್ಕೆ ಈ ಕಾಲು ಏಳಲ್ಲ. ಮೂರು ಮಾಡ್ಸು. ಬರ್ತೀನಿ."

ಬಸ್ಸಿನಲ್ಲಿ ದುರ್ಗಕ್ಕೆ ಮರಳುವಾಗ ಅನುಮತಿ ಪತ್ರವನ್ನು ಮತ್ತೆ ತೆಗೆದು ಓದಿದೆ. ಎರಡು ಮೆಟ್ಟಿಲು ಎಂದು ಸ್ಪಷ್ಟವಾಗಿತ್ತು, ಅಳತೆ ಸಮೇತ, ಕೆಳಗೆ ರುಜು ಸಮೇತ. ಅದರ ಮೇಲೆ ಆ ಮಂಚದ ಮೇಲಿನ ಕೈ ತೋರಿಸಿದ ಎತ್ತರವನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಂಡೆ. ಈ ಸಲ ಯಾವ ಕಚೇರಿಗೂ ಹೋಗಲಿಲ್ಲ. ನೇರ ಕೆಳಗಿನ ಓಣಿಗೆ ಹೋದೆ.

"ಮೇಸ್ತ್ರಿ, ಮೂರು ಮೆಟ್ಟಿಲು ಬೇಕು."

"ಹಾಳೇಲಿ ಎರಡೇ ಐತೆ."

"ಹಾಳೆ ತಪ್ಪು."

ಅವರು ಕರಣೆ ಎತ್ತಿಕೊಂಡು ಎದ್ದರು. ಎರಡೂ ಮೆಟ್ಟಿಲುಗಳನ್ನು ಕಿತ್ತು ಮೂರನ್ನು ಇಟ್ಟರು. ಯಾರಾದರೂ ಬಂದು ಅಳೆದರೆ ಉತ್ತರ ಕೊಡಬೇಕಾದವಳು ನಾನೇ, ಕೊಡುತ್ತೇನೆ. ಮೂರು ಮೆಟ್ಟಿಲುಗಳ ನಕ್ಷೆಯನ್ನು ಬರೆದು, ಕೆಳಗೆ ನನ್ನ ರುಜು ಹಾಕಿ, ನಾನಾಗಿಯೇ ಕಚೇರಿಗೆ ಕಳಿಸಿದ್ದೇನೆ. ಲಾಡ್ಜಿನ ಬಗ್ಗೆ ನನ್ನ ನಾಲ್ಕನೆಯ ಪತ್ರವನ್ನೂ ಅದರ ಜೊತೆಗೇ ಲಗತ್ತಿಸಿದ್ದೇನೆ. ಎರಡಕ್ಕೂ ಉತ್ತರ ಒಂದೇ ಲಕೋಟೆಯಲ್ಲಿ ಬರಲಿ.

ದಸರೆ ಕಳೆದು ಕಾಲು ಸ್ವಲ್ಪ ಹಗುರಾದರೆ ಬರುತ್ತೇನೆಂದು ಖಾಲಾ ಹೇಳಿ ಕಳಿಸಿದ್ದಾಳೆ. ದಸರೆ ಕಳೆದು ಹತ್ತು ದಿನವಾಯಿತು. ಮೇಸ್ತ್ರಿಯೂ ನಾನೂ ಸೇರಿ ಅವಳ ಮಾಳಿಗೆಯ ಹುಲ್ಲು ಕಿತ್ತೆವು. ಆದಿವಾಲದ ಕಡೆಯಿಂದ ಎಂಟು ಚೀಲ ಕರಲು ತರಿಸಿದೆ, ಇಬ್ಬರೂ ತುಳಿದೆವು. ನಿನ್ನೆ ಬೆಳಿಗ್ಗೆ ಹೋದಾಗ ದೊಡ್ಡಮ್ಮ ಮೇಲೆ ಒಬ್ಬಳೇ ಸಂಡಿಗೆ ಹಾಕುತ್ತಿದ್ದಳು, ಸುರಿಯುವುದೂ ಒತ್ತುವುದೂ ತಾನೇ. ವೃತ್ತಗಳು ಎಂದಿನಂತೆ ಸೊಟ್ಟ. ನಾನು ಸಹಾಯಕ್ಕೆಂದು ಚಾಪೆಯೊಂದನ್ನು ಎಳೆದು ಮೂರು ಮೆಟ್ಟಿಲುಗಳ ಎದುರಿನ ಖಾಲಿ ಜಾಗದಲ್ಲಿ ಹಾಸಲು ಹೋದೆ.

"ಅಲ್ಲಿ ಬೇಡ ಕಣೇ," ಎಂದಳು ದೊಡ್ಡಮ್ಮ, ಸೌಟು ನಿಲ್ಲಿಸದೆ.

ಚಾಪೆಯನ್ನು ಪಕ್ಕಕ್ಕೆ ಸರಿಸಿದೆ. ಮೆಟ್ಟಿಲಿನಿಂದ ಅವಳ ಕಾಲಬುಡದವರೆಗೆ, ಎರಡು ಸಾಲುಗಳ ನಡುವೆ, ಒಂದು ಪಾದದಷ್ಟು ಅಗಲದ ನೆಲ ಬರಿದಾಗಿತ್ತು. ಅದನ್ನು ದಾಟಿಕೊಂಡು ಹೋಗಿ, ಕೈ ಒದ್ದೆ ಮಾಡಿಕೊಂಡು, ಆರುತ್ತಿದ್ದ ಹಿಟ್ಟನ್ನು ಒತ್ತಲು ಕುಳಿತೆ.